ಹತ್ತಿಕಾಲಿನ ಅಡಿಯಲ್ಲಿ ನಾಲ್ಕು ದೇಶ

ಅವನ ಪಕ್ಕದ ಸೀಟಿನಲ್ಲಿ ಕೂತು ನಿದ್ದೆಹೋದವರಿಗೆ ಒಂದು ತೊಂದರೆಯಿತ್ತು. ಎಚ್ಚರವಾದಾಗ ಗಾಡಿ ಓಡುತ್ತಿದೆಯೋ ನಿಂತಿದೆಯೋ ತಿಳಿಯಬೇಕಾದರೆ ಕಿಟಕಿಯಾಚೆ ನೋಡಬೇಕು. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಒಮ್ಮೆ ನಿದ್ದೆಗಣ್ಣಿನಲ್ಲಿ, ಮನೆ ಬಂತೆಂದುಕೊಂಡು, ಓಡುವ ಗಾಡಿಯ ಬಾಗಿಲಿಗೆ ಕೈ ಹಾಕಿದ್ದಳು. ಅಂದಿನಿಂದ ಗಂಡನ ಪಕ್ಕ ಕೂತಾಗ ನಿದ್ದೆ ಮಾಡುವುದನ್ನೇ ಬಿಟ್ಟಳು.

"ನಿಮ್ಮ ಜೊತೆ ಬರೋದು ಜೀವಕ್ಕೆ ಅಪಾಯ ಕಣ್ರೀ. ಅಷ್ಟು ಚೆನ್ನಾಗಿ ಓಡಿಸ್ತೀರಿ" ಎನ್ನುವಳು.

ಕೆಲಸದ ಜಾಗದಲ್ಲಿ ಅವನಿಗೆ ಹತ್ತಿಕಾಲು ಎಂದು ಹೆಸರು. ಚಿಕ್ಕವರು ಮರ್ಯಾದೆಗೆ ಹತ್ತಿಕಾಲಣ್ಣ ಅನ್ನುವರು. ಆಕ್ಸಿಲರೇಟರಿನ ಮೇಲೆ ಅವನು ಕಾಲಿಟ್ಟರೆ ಹತ್ತಿಯ ಉಂಡೆಯೊಂದು ಬಂದು ಕೂತಷ್ಟೇ ಭಾರ. ಗಾಡಿ ಹತ್ತಿದರೆ ಹತ್ತಿ. ಇಳಿದರೆ ಮಾತ್ರ ಬರೀ ಬಾಯಿ. ಓಡಿಸುವಾಗ ಕೂಡಿಟ್ಟ ಶಬ್ದವನ್ನೆಲ್ಲ ಇಳಿದ ಮೇಲೆ ಖರ್ಚು ಮಾಡುತ್ತಿದ್ದ.

ಅವನ ಕೆಲಸ ವಿಚಿತ್ರದ್ದು. ಊರಾಚೆಯ ಹಳೆಯ ಇಟ್ಟಿಗೆ ಗೂಡಿನ ಪಕ್ಕದ ಬಯಲಿನಲ್ಲಿ ಮೋಟಾರು ಗಾಡಿಗಳನ್ನು ಪರೀಕ್ಷೆ ಮಾಡುವ ಅಂಗಳವಿತ್ತು. ಆಸ್ಪತ್ರೆಯವರು, ಶಾಲೆಯವರು, ಹಾಲಿನವರು, ಹೀಗೆ ಗಾಡಿಗಳನ್ನು ಒಟ್ಟೊಟ್ಟಿಗೆ ಕೊಳ್ಳುವವರು ಕೊಳ್ಳುವ ಮೊದಲು ಅಲ್ಲಿ ಕೇಳುತ್ತಿದ್ದರು. ಅಂಗಳದವರು ಅಂಥದೇ ಒಂದೊಂದು ಗಾಡಿ ತರಿಸಿ, ಗುಂಡುಕಲ್ಲಿನ ದಾರಿ, ನೀರಿನ ಗುಂಡಿ, ಕಡಿದಾದ ಏರು, ಎಲ್ಲದರ ಮೇಲೂ ತಿಂಗಳುಗಟ್ಟಲೆ ಸುತ್ತಿಸುವರು. ಆಮೇಲೆ ಎಂಜಿನ್ ಬಿಚ್ಚಿ ಮೇಜಿನ ಮೇಲೆ ಹರಡಿ, ಎಲ್ಲಿ ಎಷ್ಟು ಸವೆದಿದೆ ಎಂದು ನೋಡಿ, ಇದನ್ನು ನಂಬಬಹುದು, ಇದನ್ನು ನಂಬಬಾರದು ಎಂದು ಹೇಳುವರು. ಬಿಚ್ಚುವ ಕೆಲಸ ಅಂಗಳದ ಮುಖ್ಯಸ್ಥೆಯದು. ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ಎಂಜಿನಿಯರಿಂಗ್ ಓದಿದವರು, ಆದರೆ ಉಗುರಿನ ಸಂದಿಯ ಗ್ರೀಸು ಅವರ ಓದಿಗಿಂತ ಹಳೆಯದು ಎಂದು ಅಂಗಳದಲ್ಲಿ ಮಾತಿತ್ತು. ಸುತ್ತುವ ಕೆಲಸ ಹತ್ತಿಕಾಲಿನದು, ಮತ್ತು ಹತ್ತಿಕಾಲಿನ ಕೈಯಲ್ಲಿ ಕಲಿತ ಮೂರು ನಾಲ್ಕು ಜನರದು.

ಡೀಸೆಲ್ ಎಂದರೆ ಅವನಿಗೆ ಬರೀ ಎಣ್ಣೆಯಲ್ಲ. ಬೇರೆ ಎಂಜಿನ್‌ಗಳಿಗೆ ಬೆಂಕಿ ಹಚ್ಚಲು ಕಿಡಿ ಬೇಕು. ಡೀಸೆಲ್ಲಿಗೆ ಬೇಡ. ಬರೀ ಗಾಳಿಯನ್ನು ಹಿಡಿದು ಹಿಚುಕುತ್ತಾ ಹೋದರೆ ಅದು ಕೆಂಡದಂತೆ ಕಾಯುತ್ತದೆ, ಅದರೊಳಗೆ ಎಣ್ಣೆಯ ಹನಿ ಬಿದ್ದದ್ದೇ ತಡ, ತಾನಾಗಿ ಹೊತ್ತಿಕೊಳ್ಳುತ್ತದೆ. ಇದನ್ನು ಅವನಿಗೆ ಹೇಳಿಕೊಟ್ಟವರು ಯಾವುದೋ ಕಾಲದಲ್ಲಿ ತೀರಿಹೋಗಿದ್ದರು. ಕೇಳಿದ ಬೆರಗು ಮಾತ್ರ ಇನ್ನೂ ತೀರಿರಲಿಲ್ಲ. "ಯಾರೂ ಕಡ್ಡಿ ಗೀರಿಲ್ಲ. ಬರೀ ಒತ್ತಡ. ಅಷ್ಟಕ್ಕೇ ಬೆಂಕಿ" ಎಂದು ಸಿಕ್ಕವರಿಗೆಲ್ಲ ಹೇಳುವನು. ಹೆಂಡತಿಗೂ ಹೇಳಿದ್ದ. "ಅದರಲ್ಲೇನಿದೆ ಆಶ್ಚರ್ಯ, ನಮ್ಮನೇಲೂ ಹಾಗೇ ಅಲ್ವಾ" ಎಂದಿದ್ದಳು.

ಹಾಗಾಗಿ ಅವನು ಡೀಸೆಲ್ ಗಾಡಿಯೊಂದಿಗೆ ಡೀಸೆಂಟಾಗಿ ನಡೆದುಕೊಳ್ಳುತ್ತಿದ್ದ. ಕೀಲಿ ತಿರುಗಿಸಿದ ಮೇಲೆ, ಎಂಜಿನ್ನಿನ ಒಳಗೆ ಕಾವು ಸಾಕಾಯಿತೆಂದು ಸುರುಳಿಯಂಥ ಹಳದಿ ದೀಪ ಆರುವವರೆಗೆ ಕೈಕಟ್ಟಿ ಕಾಯುವನು. ಎಂಜಿನ್ ಶುರುವಾದ ಮೇಲೆ ಸವೆತ ತಡೆಯುವ ಎಣ್ಣೆ ಮೇಲೇರಿ ಎಲ್ಲ ಮೂಲೆಗೂ ಹೋಗಿ ಬರುವವರೆಗೆ ಕಾಯುವನು. ಬೆಚ್ಚಗಾಗುವವರೆಗೆ ಜೋರು ಮಾಡನು. ನಿಲ್ಲಿಸುವಾಗಲೂ ತಟ್ಟನೆ ಆರಿಸನು. ಗಾಡಿ ನಿಂತಮೇಲೆ ಎಂಜಿನ್ ಸುಮ್ಮನೆ ಓಡಲು ಬಿಟ್ಟು, ಕನ್ನಡಕ ಒರೆಸಿ, ಚೀಲ ಹುಡುಕಿ, ಪಕ್ಕದವರಿಗೆ ಒಂದು ಕತೆ ಹೇಳಿ, ಆಮೇಲೆ ಕೀಲಿ ತೆಗೆಯುವನು. ಇದಕ್ಕೆ 'ಉಸಿರು ಬಿಡಿಸುವುದು' ಎಂದು ಅವನೇ ಹೆಸರಿಟ್ಟಿದ್ದ. ಅಂಗಳದ ಎಲ್ಲರಿಗೂ ಅದನ್ನೇ ಕಲಿಸಿದ್ದ.

ಇಷ್ಟು ಗಾಡಿಗಳನ್ನು ಸುತ್ತಿಸಿದವನು ದೇಶ ಸುತ್ತಿದವನಲ್ಲ. ಆದರೂ ದೇಶಗಳ ಬಗ್ಗೆ ಅವನಷ್ಟು ಖಚಿತವಾಗಿ ಮಾತಾಡುವವರು ಸುತ್ತಮುತ್ತ ಇರಲಿಲ್ಲ. ಜರ್ಮನಿಯ ಡೀಸೆಲ್ ಅಂದರೆ ಹೆಡ್‌ಮೇಷ್ಟ್ರು. ನಿಯಮ ಪಾಲಿಸುವಷ್ಟು ದಿನ ನಿನ್ನ ಜೊತೆ, ತಪ್ಪಿದರೆ ಕೆಂಪು ದೀಪ ಹಾಕಿ ಬೆಂಚಿನ ಮೇಲೆ ನಿಲ್ಲಿಸುತ್ತದೆ. ಕೊರಿಯಾದ್ದು ಆಫೀಸಿಗೆ ಹೊಸದಾಗಿ ಸೇರಿದ ಗುಮಾಸ್ತ. ಕರೆಯುವ ಮೊದಲೇ ಎದ್ದು ಬರುತ್ತದೆ. ಫ್ರಾನ್ಸಿನದು ಸೋಫಾಕ್ಕೆ ಚಕ್ರ ಹಚ್ಚಿದಂತೆ, ಕೂರಲು ಸುಖ, ಆದರೆ ಗೊಣಗಾಟ. ಜಪಾನಿನದು ಮಾತ್ರ ಅವನ ಮುದ್ದು. "ಮನೆ ಹಿರಿಸೊಸೆ ಇದ್ದ ಹಾಗೆ. ಎಲ್ಲರಿಗಿಂತ ಮುಂಚೆ ಏಳುತ್ತೆ, ನೋವಾದ್ರೂ ಹೇಳಲ್ಲ."

"ಹೇಳಿದ್ರೆ ಕೇಳೋರಿದಾರಾ ಅಂತ ನೋಡಿರುತ್ತೆ, ಪಾಪ" ಎಂದಿದ್ದಳು ಹೆಂಡತಿ, ಬಟ್ಟೆ ಮಡಿಸುತ್ತಾ.

ಆ ವರ್ಷ ಜಿಲ್ಲೆಯ ಆಂಬುಲೆನ್ಸ್ ಸೇವೆಯವರು ಹಳೆಯ ವ್ಯಾನುಗಳನ್ನೆಲ್ಲ ತೆಗೆದು ಹೊಸವನ್ನು ಕೊಳ್ಳುವವರಿದ್ದರು. ಈ ನಾಲ್ಕೂ ದೇಶಗಳಿಂದ ಒಂದೊಂದು ಡೀಸೆಲ್ ವ್ಯಾನು ಅಂಗಳಕ್ಕೆ ಬಂದಿತ್ತು. ಯಾವುದು ಗೆಲ್ಲುತ್ತದೋ ಅದೇ ಮುಂದೆ ಜಿಲ್ಲೆಯಲ್ಲೆಲ್ಲ ಸೈರನ್ ಹಾಕಿಕೊಂಡು ಓಡಬೇಕು. ಹತ್ತಿಕಾಲು ನಾಲ್ಕನ್ನೂ ತಿಂಗಳುಗಟ್ಟಲೆ ಸುತ್ತಿಸಿ ಮುಗಿಸಿದ್ದ. ಇನ್ನು ಬಿಚ್ಚುವುದೊಂದೇ ಬಾಕಿ.

ಬಿಚ್ಚುವ ವಾರದ ಹಿಂದಿನ ಭಾನುವಾರ ಮಧ್ಯಾಹ್ನ ಹೆಂಡತಿಯ ತಮ್ಮ ಊಟಕ್ಕೆ ಬಂದ. ಅವನು ಆಂಬುಲೆನ್ಸ್ ಡ್ರೈವರು. ಅಕ್ಕ ಅವನನ್ನು ಚಿಕ್ಕಂದಿನಿಂದ ಗುಡುಗು ಅನ್ನುತ್ತಿದ್ದಳು, ಏಕೆಂದರೆ ಬರುವ ಮೊದಲೇ ಕೇಳಿಸುತ್ತಿದ್ದ. ಅವತ್ತೂ ಬೀದಿಯ ತುದಿಯಲ್ಲಿ ಟೈರು ಕಿರುಚಿದ ಸದ್ದು ಕೇಳಿದ್ದೇ ಅವಳು ಒಂದು ತಟ್ಟೆ ಹೆಚ್ಚಿಗೆ ಇಟ್ಟಳು.

"ಕೀಲಿ ತೆಗೆಯೋಕೆ ಮುಂಚೆ ಒಂದು ಗಳಿಗೆ ಉಸಿರು ಬಿಡೋಕೆ ಬಿಡಬೇಕು ಕಣೋ. ಎಷ್ಟು ಸಲ ಹೇಳೋದು" ಎಂದ ಹತ್ತಿಕಾಲು, ಬಾಗಿಲಲ್ಲೇ.

"ನಮಸ್ಕಾರ ಭಾವ. ನಾನೂ ಚೆನ್ನಾಗಿದ್ದೀನಿ" ಎಂದ ಗುಡುಗು, ಚಪ್ಪಲಿ ಬಿಡುತ್ತಾ.

ಊಟದ ನಡುವೆ ಗುಡುಗು ಕೆಣಕಿದ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೋದ ಸಲ ನಿಮ್ಮ ಅಂಗಳದಲ್ಲಿ ಸೈ ಅನ್ನಿಸಿಕೊಂಡ ವ್ಯಾನುಗಳು ನಮ್ಮ ಹತ್ರ ಬಂದ ಮೇಲೆ ಯಾಕೆ ಮಲಗ್ತವೆ? ನಿಮ್ಮಲ್ಲಿ ಊಟ ಚೆನ್ನಾಗಿ ಹಾಕ್ತೀರಾ?"

"ಗಾಡಿ ಕೈಕೊಡಲ್ಲ. ನೀನು ಕಾಲು ಕೊಡ್ತೀಯಲ್ಲ, ಅದರ ತಪ್ಪು" ಎಂದ ಭಾವ. ಮಾತು ಚೆನ್ನಾಗಿ ಬಿತ್ತೆಂದು ಹೆಂಡತಿಯ ಮುಖ ನೋಡಿದ. ಅವಳು ನಗಲಿಲ್ಲ, ಏಕೆಂದರೆ ತಮ್ಮ ನಗುತ್ತಿರಲಿಲ್ಲ.

"ಹೋದ ವಾರ ಏರಿನಲ್ಲಿ ನಿಂತುಹೋಯ್ತು. ಹೊಗೆ ಬಂತು, ದಮ್ಮು ಹೋಯ್ತು, ಅಷ್ಟೆ. ಹಿಂದೆ ಒಬ್ಬರು ಹೆರಿಗೆ ಹೆಂಗಸು. ಇನ್ನೊಂದು ವ್ಯಾನು ಬರೋವರೆಗೂ ರಸ್ತೆ ಪಕ್ಕದಲ್ಲಿ ನಿಂತ್ವಿ. ಅವರ ತಾಯಿ ನನ್ನ ಕೈ ಹಿಡ್ಕೊಂಡು, 'ಅಪ್ಪಾ, ಇನ್ನೂ ಎಷ್ಟು ದೂರ' ಅಂತ ಕೇಳ್ತಾನೇ ಇದ್ರು. ಗಾಡಿ ನಿಂತಿದೆ ಅಂತ ಅವರಿಗೆ ಗೊತ್ತಿಲ್ಲ, ಗಾಬರೀಲಿ. ನಾನು ಹೇಳಲಿಲ್ಲ. 'ಇನ್ನೇನು ಬಂತಮ್ಮ' ಅಂದೆ."

ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

"ತಾಯಿ ಮಗು ಇಬ್ಬರೂ ಚೆನ್ನಾಗಿದಾರೆ" ಎಂದ ಗುಡುಗು, ನೀರಿನ ಲೋಟಕ್ಕೆ ಕೈಚಾಚಿ. "ಮುಂದಿನ ಸಲ ಹೇಗೋ ಗೊತ್ತಿಲ್ಲ. ಅದಕ್ಕೇ ಕೇಳಿದೆ. ಈ ಸಲ ಸರಿಯಾಗಿ ನೋಡಿ ಹೇಳಿ ಭಾವ."

ಹತ್ತಿಕಾಲಿಗೆ ಅವತ್ತು ಊಟವಾದ ಮೇಲೂ ಜಪಾನಿನ ಗುಣಗಾನ ಮಾಡಲು ಮನಸ್ಸಾಗಲಿಲ್ಲ.

ಬಿಚ್ಚುವ ದಿನ ಬಂತು. ಉದ್ದನೆಯ ಷೆಡ್ಡಿನಲ್ಲಿ ನಾಲ್ಕು ಮೇಜು, ನಾಲ್ಕರ ಮೇಲೂ ಬಿಳಿ ಬಟ್ಟೆ, ಬಟ್ಟೆಯ ಮೇಲೆ ನಾಲ್ಕು ದೇಶಗಳ ಎಂಜಿನ್‌ಗಳು ಎದೆ ಬಿಚ್ಚಿಕೊಂಡು ಮಲಗಿದ್ದವು. ಮೇಲಿನ ಕಿಟಕಿಗಳಿಂದ ಬೆಳಗಿನ ಬಿಸಿಲು ಬೀಳುತ್ತಿತ್ತು. ಮೇಡಂ ಒಂದು ಪುಟ್ಟ ದೀಪವನ್ನು ಸಿಲಿಂಡರಿನೊಳಗೆ ಇಳಿಸಿ ಬಗ್ಗಿ ನೋಡಿದರು. ನೋಡಿದವರು ಮೇಲೇಳಲಿಲ್ಲ.

ಹೊಸ ಸಿಲಿಂಡರಿನ ಗೋಡೆಗೆ ಕಾರ್ಖಾನೆಯವರು ಸಣ್ಣ ಅಡ್ಡಗೀರುಗಳನ್ನು ಕೊರೆದಿರುತ್ತಾರೆ, ಎಣ್ಣೆ ಅದರಲ್ಲಿ ಅಂಟಿಕೊಂಡಿರಲಿ ಎಂದು. ಕೂದಲೆಳೆಗಿಂತ ಸಣ್ಣವು. ಗಾಡಿ ಓಡಿದಂತೆ ಅವು ಅಳಿಸಿಹೋಗಿ ಗೋಡೆ ಕನ್ನಡಿಯಾಗುತ್ತದೆ. ಕನ್ನಡಿಯಾದರೆ ಎಂಜಿನ್ನಿಗೆ ವಯಸ್ಸಾಯಿತು ಎಂದರ್ಥ. ಇಷ್ಟು ತಿಂಗಳು ಕಲ್ಲಿನ ಮೇಲೆ, ನೀರಿನಲ್ಲಿ, ಏರಿನಲ್ಲಿ ಓಡಿದ ಈ ಎಂಜಿನ್ನಿನ ಗೋಡೆಯ ಮೇಲೆ ಒಂದೊಂದು ಗೀರೂ ನಿನ್ನೆ ಕೊರೆದಂತೆ ಹೊಳೆಯುತ್ತಿತ್ತು.

"ಬನ್ನಿ ಹತ್ತಿಕಾಲಣ್ಣ, ನೋಡಿ" ಎಂದರು ಮೇಡಂ. ಅವರ ದನಿ ಪೂಜೆಯ ಮನೆಯಲ್ಲಿ ಮಾತಾಡುವವರಂತೆ ತಗ್ಗಿತ್ತು.

ಅವನು ಬಗ್ಗಿ ನೋಡಿದ. ಅಷ್ಟು ಬೆಂಕಿ, ಅಷ್ಟು ಒತ್ತಡ, ಲೆಕ್ಕವಿಲ್ಲದ ಸಲ ಉರಿದು ಆರಿ ಉರಿದ ಜಾಗ. ಅಲ್ಲಿ ಒಂದು ಗಾಯವಿಲ್ಲ. ಅದು ಜಪಾನಿನ ಎಂಜಿನ್. ಅವನ ಎದೆ ಉಬ್ಬಿತು. "ನಾನು ಹೇಳಿರಲಿಲ್ವಾ ಮೇಡಂ" ಎಂದ.

ಅವರು ಎರಡನೇ ಮೇಜಿಗೆ ಹೋದರು. ಜರ್ಮನಿಯದು. ಗೀರುಗಳು ನಿನ್ನೆ ಕೊರೆದಂತೆ. ಮೂರನೆಯದು ಕೊರಿಯಾ. ಅದೂ ಹಾಗೇ. ನಾಲ್ಕನೆಯ ಮೇಜಿನ ಮುಂದೆ ಮೇಡಂ ದೀಪ ಇಳಿಸಿ, ನೋಡಿ, ದೀಪವನ್ನು ಸುಮ್ಮನೆ ಅವನ ಕೈಗೆ ಕೊಟ್ಟರು. ಸೋಫಾ ಎಂದು ಅವನು ಹೀಯಾಳಿಸಿದ ಫ್ರಾನ್ಸಿನ ಎಂಜಿನ್ನಿನ ಒಳಗೂ ಅದೇ ಗೀರು, ಅದೇ ಹೊಳಪು.

ಷೆಡ್ಡಿನಲ್ಲಿದ್ದ ಇತರರು ಚಪ್ಪಾಳೆ ತಟ್ಟುವುದೋ ಬೇಡವೋ ಎಂದು ನಿಂತರು. ನಾಲ್ಕು ದೇಶಗಳ ಜಾಣರು ನಾಲ್ಕು ರೀತಿಯಲ್ಲಿ ಕಡೆದ ಕಬ್ಬಿಣ ಒಂದೇ ಮುಖ ಮಾಡಿಕೊಂಡು ಮಲಗಿರುವುದನ್ನು ನೋಡಿ ಯಾರಿಗಾದರೂ ಮೈ ಜುಮ್ಮೆನ್ನಬೇಕು. ಹತ್ತಿಕಾಲಿಗೂ ಹಾಗೇ ಆಯಿತು. ಆಮೇಲೆ ದೀಪ ಹಿಡಿದು ಮೊದಲ ಮೇಜಿಗೆ ಹೋಗಿ ಮತ್ತೊಮ್ಮೆ ಬಗ್ಗಿ ನೋಡಿದ. ಒಂದೊಂದಕ್ಕೂ ಒಂದೊಂದು ಸ್ವಭಾವವಿದೆ ಎಂದು ಅವನು ಜೀವಮಾನವಿಡೀ ಹೇಳಿಕೊಂಡು ಬಂದಿದ್ದ. ಹೆಡ್‌ಮೇಷ್ಟ್ರು, ಗುಮಾಸ್ತ, ಸೊಸೆ, ಸೋಫಾ, ನಾಲ್ವರ ಒಳಗೂ ಒಂದೇ ಹಸ್ತಾಕ್ಷರ. ಅದು ಯಾರದೆಂದು ಅವನಿಗೆ ಗುರುತು ಸಿಕ್ಕಿತು.

"ಮೇಡಂ" ಎಂದ. "ಇದು ಗಾಡಿಗಳದ್ದಲ್ಲ. ನನ್ನ ಕಾಲು."

ಬಹುಶಃ ಮೂರನೇ ಮೇಜಿನ ಹತ್ತಿರವೇ ಮೇಡಂಗೂ ಅದು ಹೊಳೆದಿತ್ತು.

"ನನ್ನ ಕೈಲಿ ಯಾವುದೂ ಕೆಡಲ್ಲ. ನಾನು ಕಲಿಸಿದ ಹುಡುಗರ ಕೈಲೂ ಕೆಡಲ್ಲ. ಆಂಬುಲೆನ್ಸಿನವರು ನನ್ನ ಹಾಗೆ ಓಡಿಸಲ್ಲ. ನಾವು ಸೈ ಅಂದದ್ದು ಅವರ ಕೈಲಿ ಏರಿನ ಮೇಲೆ ನಿಲ್ಲುತ್ತೆ. ನನ್ನ ಭಾಮೈದ ಹೇಳಿದ."

ಮೇಡಂ ಕೈಯೊರೆಸಿಕೊಂಡು ಸ್ಟೂಲಿನ ಮೇಲೆ ಕೂತರು. "ಹಾಗಾದ್ರೆ ಇಷ್ಟು ವರ್ಷ ನಾವು ಪರೀಕ್ಷೆ ಮಾಡಿದ್ದು..."

"ನನ್ನನ್ನ."

"ಪಾಸಾಗಿದ್ದೀರಿ ಬಿಡಿ. ಒಳ್ಳೇ ಮಾರ್ಕ್ಸೇ ಬಂದಿದೆ" ಎಂದರು. ನಗಲಿಲ್ಲ. ಎದ್ದು ಸ್ಪ್ಯಾನರು ಕೈಗೆತ್ತಿಕೊಂಡು, "ಮತ್ತೆ ಜೋಡಿಸ್ತೀನಿ. ಈ ಸಲ ಕೆಟ್ಟದಾಗಿ ಓಡಿಸಿ" ಎಂದರು.

ಹೇಳುವುದು ಸುಲಭ. ಎಂಜಿನ್‌ಗಳು ಮತ್ತೆ ವ್ಯಾನು ಸೇರಿದ ಮೊದಲ ಬೆಳಗ್ಗೆ ಅವನು ಜಪಾನಿನ ವ್ಯಾನು ಹತ್ತಿದ. ಹಳದಿ ದೀಪ ಆರುವ ಮೊದಲೇ ಶುರು ಮಾಡುವುದು, ತಣ್ಣಗಿರುವಾಗಲೇ ಪೂರ್ತಿ ತುಳಿಯುವುದು, ಹೀಗೆಂದು ರಾತ್ರಿಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಕೀಲಿ ತಿರುಗಿಸಿದ. ದೀಪ ಹೊತ್ತಿತು. ಬೆರಳು ಹಾಗೇ ನಿಂತು, ದೀಪ ಆರಿದ ಮೇಲೆಯೇ ಮುಂದೆ ಹೋಯಿತು. ಇರಲಿ ಎಂದುಕೊಂಡು ಆಕ್ಸಿಲರೇಟರನ್ನು ತುಳಿಯಲು ಹೋದ. ಕಾಲು ಅರ್ಧ ದಾರಿಯವರೆಗೆ ಇಳಿದು, ಮನೆಯೊಳಗೆ ಜಗಳ ಕೇಳಿ ಹೊಸ್ತಿಲಲ್ಲೇ ನಿಂತ ನೆಂಟನಂತೆ ನಿಂತುಬಿಟ್ಟಿತು. ಇನ್ನೊಂದು ಕಾಲನ್ನು ಅದರ ಮೇಲಿಟ್ಟು ಒತ್ತಿದ. ಎರಡೂ ಸೇರಿ ಮೆಲ್ಲಗೆ ಒತ್ತಿದವು. ಅಂಗಳದ ಬೇಲಿಯ ಪಕ್ಕ ನಿಂತಿದ್ದ ಮೇಡಂಗೆ ವ್ಯಾನು ತೊಟ್ಟಿಲಿನಂತೆ ಹೊರಟದ್ದು ಕಾಣಿಸಿತು.

ಒಂದು ಸುತ್ತು ಮುಗಿಸಿ, ಉಸಿರು ಬಿಡಿಸಿ, ಇಳಿದು ಬಂದ. ಬೆವರಿನಿಂದ ಅಂಗಿ ಬೆನ್ನಿಗಂಟಿತ್ತು.

"ಆಗಲ್ಲ ಮೇಡಂ. ಮಗು ಕೆನ್ನೆಗೆ ಹೊಡಿ ಅಂದ ಹಾಗಾಗುತ್ತೆ."

"ಹೊಡೆಯೋರು ಯಾರಾದ್ರೂ ಗೊತ್ತಾ?"

"ಮನೇಲೇ ಇದಾನೆ" ಎಂದ ಹತ್ತಿಕಾಲು. ಈ ಮಾತು ಹೇಳುವಾಗ ತನ್ನ ತಟ್ಟೆಯ ಅನ್ನವನ್ನು ತಾನೇ ಬಳಿದು ಪಕ್ಕದ ತಟ್ಟೆಗೆ ಹಾಕುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಕೆಡಿಸಲಾರದ ಡ್ರೈವರು ಪರೀಕ್ಷೆಯ ಅಂಗಳಕ್ಕೆ ಏತಕ್ಕೆ ಬೇಕು ಎಂದು ನಾಳೆ ಯಾರಾದರೂ ಕೇಳಬಹುದಿತ್ತು. ಆದರೆ ಆ ಏರು, ಆ ತಾಯಿ, ಆ 'ಇನ್ನೇನು ಬಂತಮ್ಮ' ಅವನ ಕಿವಿಯಲ್ಲಿ ಕೂತಿತ್ತು.

ಆಂಬುಲೆನ್ಸ್ ಸೇವೆಯವರು ಗುಡುಗನ್ನು ಅಂಗಳಕ್ಕೆ ಕಳಿಸಿಕೊಟ್ಟರು. ನಿಜವಾದ ಕರೆಗೆ ಹೋಗುವಂತೆಯೇ ಓಡಿಸಬೇಕು ಎಂದರು ಮೇಡಂ. ಹಿಂದಿನ ಸ್ಟ್ರೆಚರಿನ ಮೇಲೆ ಒಬ್ಬ ಮನುಷ್ಯನ ತೂಕದ ಮರಳಿನ ಮೂಟೆ ಮಲಗಿಸಿದರು; ಬೆಲ್ಟು ಸಡಿಲವಾಗಿಯೇ ಹಾಕಿದರು, ಎಷ್ಟು ಕದಲುತ್ತದೆ ನೋಡೋಣ ಎಂದು. ಪಕ್ಕದ ಸೀಟಿನಲ್ಲಿ ಹತ್ತಿಕಾಲು ಕೂತ.

"ಭಾವ, ಹಿಡ್ಕೊಳ್ಳೋಕೆ ಮೇಲೆ ಹಿಡಿ ಇದೆ. ಕಣ್ಣು ಮುಚ್ಚಿಕೊಂಡ್ರೂ ಪರವಾಗಿಲ್ಲ" ಎಂದ ಗುಡುಗು, ಕರೆಗೆ ಕಾಯಲು ದೂರ ಹೋಗುತ್ತಾ.

"ನೀನು ತೆರೆದುಕೊಂಡಿರು, ಸಾಕು."

ಶಿಳ್ಳೆ ಬಿತ್ತು. ಗುಡುಗು ಓಡಿ ಬಂದು ಹತ್ತಿದ, ದೀಪ ನೋಡಲಿಲ್ಲ, ಕೀಲಿ, ಗೇರು, ಕಾಲು, ಎಲ್ಲ ಒಂದೇ ಏಟಿಗೆ. ತಣ್ಣನೆಯ ಎಂಜಿನ್ ಕೂಗಿಕೊಂಡ ಕೂಗಿಗೆ ಹತ್ತಿಕಾಲಿನ ಹಲ್ಲು ಕಚ್ಚಿಕೊಂಡವು. ಗುಂಡುಕಲ್ಲಿನ ದಾರಿ ಒಂದೇ ಉಸಿರಿಗೆ ಮುಗಿಯಿತು. ನೀರಿನ ಗುಂಡಿಯಲ್ಲಿ ನೀರು ಎರಡೂ ಕಡೆ ಗೋಡೆಯಂತೆ ಎದ್ದಿತು. ಏರಿನಲ್ಲಿ ಎಂಜಿನ್ನಿನ ಗಂಟಲು ಹರಿಯುವಂತಿತ್ತು. ಪಾಪ, ಪಾಪ ಎಂದು ಅವನು ಎಂಜಿನ್ನಿಗೇ ಅಂದುಕೊಳ್ಳುತ್ತಾ, ಭಾಮೈದನಿಗೆ ಬೈಯಬೇಕೆಂದು ತಿರುಗಿದ. ಬೈಗುಳ ಬಾಯಲ್ಲೇ ಉಳಿಯಿತು.

ಗುಡುಗಿನ ಮುಖ ಅವನು ಎಂದೂ ಕಂಡಿರದ ಮುಖ. ಊಟದ ತಟ್ಟೆಯ ಮುಂದಿನ ತಮಾಷೆ ಅದರಲ್ಲಿ ಒಂದಿಷ್ಟೂ ಇರಲಿಲ್ಲ. ಕಣ್ಣು ರಸ್ತೆಯ ತುದಿಯಲ್ಲಿ. ಕಿವಿ ಮಾತ್ರ ಹಿಂದಕ್ಕೆ. ತಿರುವು ಬರುವ ಬಹಳ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಸ್ಟೀರಿಂಗನ್ನು ಮಲಗಿದ ಮಗುವಿನ ತಲೆ ತಿರುಗಿಸುವಂತೆ ತಿರುಗಿಸಿ, ತಿರುವು ಕಳೆದದ್ದೇ ಮತ್ತೆ ತುಳಿಯುತ್ತಿದ್ದ. ಹತ್ತಿಕಾಲು ಹಿಂದೆ ನೋಡಿದ. ಸಡಿಲ ಬೆಲ್ಟಿನೊಳಗೆ ಮರಳಿನ ಮೂಟೆ ಇಟ್ಟಲ್ಲೇ ಇತ್ತು. ಅಷ್ಟು ರಭಸದಲ್ಲಿ ಅದು ಒಂದು ಬೆರಳಿನಷ್ಟೂ ಸರಿದಿರಲಿಲ್ಲ.

ಏರಿನ ಕೊನೆಯ ತಿರುವಿನಲ್ಲಿ ಗುಡುಗು, ಕಣ್ಣು ರಸ್ತೆಯಿಂದ ತೆಗೆಯದೆ, ಭುಜದ ಮೇಲಿಂದ ಹಿಂದಕ್ಕೆ ಹೇಳಿದ: "ಇನ್ನೇನು ಬಂತಮ್ಮ."

ಮೇಲಿನ ಹಿಡಿಗೆ ಬಿಗಿದಿದ್ದ ಕೈಯನ್ನು ಹತ್ತಿಕಾಲು ಕೆಳಗಿಳಿಸಿದ. ಇಷ್ಟು ವರ್ಷ ಇವನ ಕಾಲು ಭಾರ ಎಂದು ಅಂದುಕೊಂಡಿದ್ದ. ಭಾರವೆಲ್ಲ ಎಂಜಿನ್ನಿನ ಪಾಲಿಗೆ. ಹಿಂದೆ ಮಲಗಿದವರ ಪಾಲಿಗೆ ಇವನೂ ಹತ್ತಿಯೇ. ಹೀಗೆ ಓಡಿಸಲು ತನ್ನಿಂದ ಜನ್ಮದಲ್ಲಿ ಆಗದು. ತಾನು ಗಾಡಿಯನ್ನು ಕಾಪಾಡಲು ಓಡಿಸುವವನು. ಇವನು ಗಾಡಿಯನ್ನು ಖರ್ಚು ಮಾಡಿ ಇನ್ನೇನನ್ನೋ ಉಳಿಸುವವನು.

ಅಂಗಳದ ಕೊನೆಗೆ ಬಂದದ್ದೇ ಗುಡುಗು ಬ್ರೇಕು ಹಾಕಿ, ಕೀಲಿ ತಿರುಗಿಸಿ, ಹಾರಿ, ಹಿಂದಿನ ಬಾಗಿಲಿಗೆ ಓಡಿದ. ಎಂಜಿನ್ ಕುದಿಯುತ್ತಿರುವಾಗಲೇ ಆರಿತು.

ಹತ್ತಿಕಾಲಿಗೆ ತಡೆಯಲಾಗಲಿಲ್ಲ. "ಲೋ, ಒಂದು ನಿಮಿಷ ಉಸಿರು ಬಿಡೋಕೆ ಬಿಡೋ ಅದಕ್ಕೆ."

ಗುಡುಗು ಆಗಲೇ ಮೂಟೆಯ ಸ್ಟ್ರೆಚರನ್ನು ಅರ್ಧ ಹೊರಗೆಳೆದಿದ್ದ. "ಹಿಂದೆ ಇರೋರ ಹತ್ರ ಇರುತ್ತಾ ಭಾವ, ಆ ಒಂದು ನಿಮಿಷ?"

ಹತ್ತಿಕಾಲು ಇಳಿದು ಬಂದು ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದ. ಚಹಾ ಕುಡಿಯುವಾಗ ಗುಡುಗೇ ಕೇಳಿದ, "ಏನು ಭಾವ, ಬಾಯಿ ಬಂದಾಗಿದೆ?"

"ಆ ಮೂಟೆಗೆ ಏನೋ ಅಂದೆಯಲ್ಲ."

"ಯಾವ ಮೂಟೆಗೆ?"

"'ಇನ್ನೇನು ಬಂತಮ್ಮ' ಅಂತ."

"ನಾನಾ? ಇಲ್ಲಪ್ಪ" ಎಂದ ಗುಡುಗು, ನಿಜವಾಗಿಯೇ ಅಚ್ಚರಿಯಿಂದ.

ಹೀಗೆ ವಾರಗಳು ಕಳೆದವು. ದಿನಕ್ಕೆ ಹಲವು ಸಲ ಕರೆ, ಓಟ, ತಟ್ಟನೆ ಆರಿಸುವುದು. ಕುದಿಯುವ ಎಂಜಿನ್ನನ್ನು ತಟ್ಟನೆ ಆರಿಸಿದರೆ ಮೊದಲು ಸಾಯುವುದು ಟರ್ಬೊ. ಹೊಗೆಯ ರಭಸಕ್ಕೆ ಬುಗುರಿಯಂತೆ ತಿರುಗುತ್ತಾ ಎಂಜಿನ್ನಿಗೆ ಗಾಳಿ ಊದುವ ಪುಟ್ಟ ಚಕ್ರ ಅದು. ಅದರ ನಡುವಿನ ಎಣ್ಣೆ ಹರಿಯದೆ ನಿಂತು, ಆ ಕಾವಿಗೆ ಸೀದು ಕರಕಲಾಗುತ್ತದೆ. ದಿನದಿನವೂ ಇಷ್ಟಿಷ್ಟೇ.

ಮೊದಲು ಮಲಗಿದ್ದು ಅವನ ಮುದ್ದಿನ ಜಪಾನಿನ ವ್ಯಾನು. ಬೆಳಗ್ಗೆವರೆಗೂ ಏನೂ ಹೇಳಲಿಲ್ಲ. ಏರಿನ ನಡುವೆ ನೀಲಿ ಹೊಗೆ ಬಿಟ್ಟು ನಿಂತುಬಿಟ್ಟಿತು. ನೋವಾದರೂ ಹೇಳದಿರುವುದು ಗುಣವೆಂದು ತಾನೇ ಹೊಗಳಿದ್ದು ಅವನಿಗೆ ನೆನಪಾಯಿತು. ಹೆಂಡತಿ ಹೇಳಿದ್ದೂ ನೆನಪಾಯಿತು. ಜರ್ಮನಿಯದು ಕೆಂಪು ದೀಪ ಹಾಕಿ, ತಪ್ಪು ಒಪ್ಪಿಕೊಳ್ಳುವವರೆಗೆ ನಡಿಗೆಯ ವೇಗಕ್ಕಿಂತ ಹೆಚ್ಚು ಓಡುವುದಿಲ್ಲ ಎಂದು ಹಟ ಹಿಡಿಯಿತು. ಕೊರಿಯಾದ್ದು ಓಡಿತು, ಆದರೆ ಶಿಳ್ಳೆ ಹೊಡೆಯುತ್ತಾ, ದಮ್ಮು ಕಟ್ಟುತ್ತಾ. ಪರದೇಶದಿಂದ ಬಂದ ಗಾಡಿಗಳು ಒಂದೊಂದಾಗಿ ಬೇಲಿಯ ಪಕ್ಕ ಪರದೇಶಿಗಳಂತೆ ನಿಂತವು.

"ನಿಮ್ಮ ಲೆಕ್ಕಾಚಾರ ಎಲ್ಲ ಉಲ್ಟಾ ಆಯ್ತಲ್ಲ" ಎಂದರು ಮೇಡಂ. "ಆದ್ರೆ ನೆನಪಿರಲಿ, ಇದು ಈ ನಾಲ್ಕು ವ್ಯಾನುಗಳ ಮಾತು, ನಾಲ್ಕು ದೇಶಗಳದ್ದಲ್ಲ. ದೇಶ ಗಾಡಿ ಓಡಿಸಲ್ಲ, ಕಾಲು ಓಡಿಸುತ್ತೆ."

ಉಳಿದದ್ದು ಫ್ರಾನ್ಸಿನ ಸೋಫಾ. ಅದು ಓಡುತ್ತಲೇ ಇತ್ತು. ಗುಡುಗು ಎಷ್ಟು ತುಳಿದರೂ, ಎಷ್ಟು ತಟ್ಟನೆ ಆರಿಸಿದರೂ, ಮಾರನೇ ಕರೆಗೆ ಎದ್ದು ಬರುತ್ತಿತ್ತು. ಅದರ ಬಗ್ಗೆ ಹತ್ತಿಕಾಲಿಗೆ ಮೊದಲಿನಿಂದ ಒಂದೇ ದೂರು. ಕೀಲಿ ತೆಗೆದ ಮೇಲೂ ಅದು ಸುಮ್ಮನಾಗುತ್ತಿರಲಿಲ್ಲ. ಮುಂದಿನ ಬಾನೆಟ್ಟಿನ ಕೆಳಗೆ ಎಲ್ಲೋ ಗುಂಯ್ ಎಂದು ಗೊಣಗುತ್ತಾ ಇದ್ದು, ಬಹಳ ಹೊತ್ತಿನ ಮೇಲೆ ತಾನಾಗಿ ಬಾಯಿ ಮುಚ್ಚುತ್ತಿತ್ತು. ಕೆಲಸ ಮುಗಿದ ಮೇಲೂ ಗೊಣಗುವ ಗಾಡಿ ಎಂದು ಅವನು ಅದನ್ನು ಎಲ್ಲರೆದುರು ಬೈದಿದ್ದ.

ಅವತ್ತು ಮಧ್ಯಾಹ್ನ ಗುಡುಗು ಎಂದಿನಂತೆ ಹಾರಿ ಹೋದ ಮೇಲೆ ಹತ್ತಿಕಾಲು ಅದರ ಮುಂದೆ ನಿಂತು ಆ ಗೊಣಗಾಟ ಕೇಳಿದ. ಅದು ಎಷ್ಟು ಹೊತ್ತು ಇರುತ್ತದೆಂದು ಈ ಸಲ ಗಮನವಿಟ್ಟ. ಕನ್ನಡಕ ಒರೆಸಿ, ಚೀಲ ಹುಡುಕಿ, ಒಂದು ಕತೆ ಹೇಳಿ ಮುಗಿಸುವಷ್ಟು ಹೊತ್ತು. ಅವನು ಷೆಡ್ಡಿನ ಕಡೆಗೆ ಕೂಗಿದ.

"ಮೇಡಂ, ಇದರ ಒಳಗೆ ಏನು ಓಡ್ತಾ ಇದೆ?"

ಮೇಡಂ ಬಾನೆಟ್ ಎತ್ತಿ, ಕೊಳವೆಗಳ ನಡುವೆ ಮುಷ್ಟಿಯಷ್ಟು ದೊಡ್ಡದಾದ ಒಂದು ಪಂಪನ್ನು ತೋರಿಸಿದರು. ಎಂಜಿನ್ ಆರಿದ ಮೇಲೂ ಅದು ಬ್ಯಾಟರಿಯಿಂದ ಓಡಿ, ಟರ್ಬೊ ತಣ್ಣಗಾಗುವವರೆಗೆ ಅದರ ಸುತ್ತ ನೀರು ಹರಿಸುತ್ತಿತ್ತು. "ಇದು ಇದೆ ಅಂತ ನನಗೆ ಗೊತ್ತಿತ್ತು ಹತ್ತಿಕಾಲಣ್ಣ. ಇದು ಬೇಕಾಗುತ್ತೆ ಅಂತ ಗೊತ್ತಿರಲಿಲ್ಲ. ನಿಮ್ಮ ಕಾಲಿಗೆ ಯಾವತ್ತೂ ಬೇಕಾಗಿರಲಿಲ್ಲವಲ್ಲ."

ಅವನು ಆ ಪಂಪನ್ನು ಬೆರಳಿನಿಂದ ಮುಟ್ಟಿದ. ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು. ತಾನು ಎಂದೂ ಕಾಣದ ದೇಶದಲ್ಲಿ, ಹೆಸರು ಗೊತ್ತಿರದ ಯಾರೋ ಒಬ್ಬರು, ಗಂಡೋ ಹೆಣ್ಣೋ, ಮೇಜಿನ ಮುಂದೆ ಕೂತು ಒಬ್ಬ ಡ್ರೈವರನ್ನು ಮನಸ್ಸಿನಲ್ಲೇ ಕಂಡಿದ್ದರು. ಆ ಡ್ರೈವರಿಗೆ ಉಸಿರು ಬಿಡಿಸಲು ಪುರುಸೊತ್ತಿಲ್ಲ. ಕೀಲಿ ತಿರುಗಿಸಿ ಹಿಂದಿನ ಬಾಗಿಲಿಗೆ ಓಡುತ್ತಾನೆ. ಓಡಲಿ, ಬೈಯುವುದು ಬೇಡ, ಅವನು ಬಿಟ್ಟುಹೋದದ್ದನ್ನು ಇದು ಮಾಡಲಿ, ಎಂದು ಅಂದುಕೊಂಡು ಇದನ್ನು ಅಲ್ಲಿ ಕೂರಿಸಿದ್ದರು. ಗುಡುಗನ್ನು ಕಾಣದೆಯೇ ಗುಡುಗನ್ನು ಅರ್ಥ ಮಾಡಿಕೊಂಡಿದ್ದರು. ಒಂದೇ ಪಂಕ್ತಿಯಲ್ಲಿ ಕೂತು ಉಂಡು ಇಷ್ಟು ವರ್ಷವಾದರೂ ತನಗೆ ಅದು ಆಗಿರಲಿಲ್ಲ.

ಕಿಡಿಯಿಲ್ಲದೆ ಬೆಂಕಿ ಹೊತ್ತುವುದಕ್ಕಿಂತ ಇದು ದೊಡ್ಡದು ಎಂದು ಅವನಿಗನ್ನಿಸಿತು.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳಿ ಮುಗಿಸಿ, "ನಾನೂ ದೀಪ ಆರಿಸಿದ ಮೇಲೆ ಗೊಣಗ್ತೀನಲ್ಲ, ನೀವು ಬೈತೀರಿ. ಈ ಮನೆ ತಣ್ಣಗಾಗೋದು ಆ ಹೊತ್ತಲ್ಲೇ" ಎಂದಳು. ಅವನು ತಲೆಯಾಡಿಸಿದ.

ಜಿಲ್ಲೆಗೆ ಸೋಫಾಗಳು ಬಂದವು. ಹತ್ತಿಕಾಲಿನ ಕೆಲಸ ಹೋಗಲಿಲ್ಲ. ಇನ್ನು ಮುಂದೆ ಪ್ರತಿ ಗಾಡಿಯನ್ನೂ ಎರಡು ಕಾಲು ಓಡಿಸಬೇಕು, ಒಂದು ಹತ್ತಿ, ಒಂದು ಗುಡುಗು. ಎರಡರ ಕೆಳಗೂ ಒಂದೇ ರೀತಿ ಓಡುವುದನ್ನು ನಂಬಬಹುದು ಎಂದು ಮೇಡಂ ತೀರ್ಮಾನಿಸಿದರು. ಈ ಗಾಡಿ ಯಾವ ದೇಶದ್ದಣ್ಣ, ಸ್ವಭಾವ ಹೇಗೆ ಎಂದು ಯಾರಾದರೂ ಕೇಳಿದರೆ ಅವನು ಈಗಲೂ ಬಾಯಿ ತೆರೆಯುತ್ತಾನೆ. ಆಮೇಲೆ, "ಓಡಿಸೋರು ಯಾರು?" ಎಂದು ಕೇಳುತ್ತಾನೆ.

ಒಂದು ಮಧ್ಯಾಹ್ನ ಅವನು ಆಸ್ಪತ್ರೆಯ ಗೇಟಿನ ಮುಂದೆ ಹೋಗುತ್ತಿದ್ದಾಗ ಹೊಸ ವ್ಯಾನೊಂದು ಸೈರನ್ ಹಾಕಿಕೊಂಡು ಒಳನುಗ್ಗಿತು. ಬ್ರೇಕು, ಕೀಲಿ, ಬಾಗಿಲು. ಗುಡುಗು ಹಿಂದಕ್ಕೆ ಓಡಿ ಸ್ಟ್ರೆಚರ್ ಎಳೆದ. ಅದರ ಮೇಲೆ ಒಬ್ಬ ಮುದುಕರು, ಜೊತೆಗೆ ಅವರ ಕೈ ಬಿಡದ ಒಬ್ಬ ಹೆಂಗಸು. "ಬಂತಮ್ಮ, ಬಂತು" ಎನ್ನುತ್ತಾ ಗುಡುಗು ಅವರನ್ನು ಗಾಜಿನ ಬಾಗಿಲೊಳಗೆ ಕರೆದೊಯ್ದ. ಭಾವ ಅಲ್ಲಿ ನಿಂತದ್ದನ್ನು ಅವನು ನೋಡಲೇ ಇಲ್ಲ.

ಬಾಗಿಲು ತೆರೆದ ವ್ಯಾನು ಬಿಸಿಲಿನಲ್ಲಿ ಒಂಟಿಯಾಗಿ ನಿಂತಿತ್ತು. ಒಳಗೆ ಯಾರೂ ಇಲ್ಲ. ಬಾನೆಟ್ಟಿನ ಕೆಳಗಿನಿಂದ ಮಾತ್ರ ಗುಂಯ್ ಎಂಬ ಸದ್ದು ಬರುತ್ತಿತ್ತು. ಹತ್ತಿಕಾಲು ಹತ್ತಿರ ಹೋಗಿ ಹಿಂದಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದ. ಮುಂದೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಜೇಬಿನಿಂದ ಬಟ್ಟೆ ತೆಗೆದು ಕನ್ನಡಕ ಒರೆಸಿಕೊಂಡ. ಆ ಗೊಣಗಾಟ ತಾನಾಗಿ ನಿಲ್ಲುವವರೆಗೂ ಅಲ್ಲೇ ನಿಂತ.